ರೂಟರ್ ಸೆಟ್ಟಿಂಗ್ ವಾಪಸ್ ತರೋಕೆ ಯಾವ ಬ್ಯಾಕಪ್? ಮೂರು ರೂಟರ್, ನಾಲ್ಕು ದಾರಿ

ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ಮಳೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ರೂಟರ್ ಎರಡು ಥರ ಕೈಕೊಡುತ್ತದೆ: ಸೆಟ್ಟಿಂಗ್ ಅಳಿಸಿಹೋಗುತ್ತದೆ, ಇಲ್ಲವೇ ಡಬ್ಬಿಯೇ ಸುಟ್ಟುಹೋಗುತ್ತದೆ. ಮೊದಲನೆಯದಕ್ಕೆ ಯಾವ ಬ್ಯಾಕಪ್ ಆದರೂ ನಡೆದೀತು. ಪರೀಕ್ಷೆ ಇರುವುದು ಎರಡನೆಯದರಲ್ಲಿ.

ಟಿಪಿ-ಲಿಂಕ್‌ನದು ಎಲ್ಲಕ್ಕಿಂತ ಸಲೀಸು. ಸಿಸ್ಟಮ್ ಟೂಲ್ಸ್‌ನಲ್ಲಿ ಬ್ಯಾಕಪ್ ಒತ್ತಿದರೆ ಬಿನ್ ಫೈಲ್ ಇಳಿಯುತ್ತದೆ; ರಿಸ್ಟೋರ್‌ನಲ್ಲಿ ಅದನ್ನೇ ಏರಿಸಿದರೆ ರೂಟರ್ ತಾನೇ ರೀಬೂಟ್ ಆಗುತ್ತದೆ. ವೈಫೈ ಬೇಡ, ಲ್ಯಾನ್ ಕೇಬಲ್ ಹಾಕಿಕೊಳ್ಳಿ. ಆಮೇಲೆ ಲಾಗಿನ್ ಆಗದಿದ್ದರೆ ಗಾಬರಿ ಬೇಡ: ಅಡ್ಮಿನ್ ಪಾಸ್‌ವರ್ಡ್, ಐಪಿ ವಿಳಾಸ ಎರಡೂ ಬ್ಯಾಕಪ್ ತೆಗೆದ ದಿನದವೇ ಆಗಿರುತ್ತವೆ. ಆದರೆ ಫೈಲ್ ಎನ್‌ಕ್ರಿಪ್ಟ್ ಆಗಿರುವುದರಿಂದ ತೆರೆದು ಓದಲಾಗದು. ಆರ್ಚರ್ ಸಿ6 ಮಾಡೆಲಿನ ವರ್ಷನ್ 2ರ ಫೈಲನ್ನು ವರ್ಷನ್ 3ಕ್ಕೆ ಹಾಕುವ ಆಸೆಯೂ ಬೇಡ, ಒಳಗಿನ ಚಿಪ್ಪೇ ಬೇರೆ. ಡಬ್ಬಿ ಸುಟ್ಟು, ಅದೇ ಮಾಡೆಲ್, ಅದೇ ವರ್ಷನ್ ಮತ್ತೆ ಸಿಗದಿದ್ದರೆ ಫೈಲೂ ಸತ್ತಂತೆ.

ಓಪನ್‌ಡಬ್ಲ್ಯುಆರ್‌ಟಿ (ಕಂಪನಿಯದರ ಬದಲು ರೂಟರಿಗೆ ಹಾಕಿಕೊಳ್ಳುವ ಉಚಿತ ತಂತ್ರಾಂಶ) ಕೊಡುವುದು ಟಾರ್-ಜಿಝಡ್ ಎಂಬ ಗಂಟುಕಟ್ಟಿದ ಫೈಲ್. ಸೆವೆನ್-ಝಿಪ್‌ನಲ್ಲಿ ಬಿಚ್ಚಿದರೆ ಬಹುತೇಕ ಎಲ್ಲವೂ ಸಾದಾ ಅಕ್ಷರ. ನೆಟ್‌ವರ್ಕ್ ಫೈಲಿನಲ್ಲಿ ಪಿಪಿಪಿಒಇ (ಇಂಟರ್ನೆಟ್ ಆಪರೇಟರ್ ಕೊಟ್ಟ ಲಾಗಿನ್) ಯೂಸರ್‌ನೇಮ್, ಪಾಸ್‌ವರ್ಡ್. ಡಿಎಚ್‌ಸಿಪಿ ಫೈಲಿನಲ್ಲಿ ಕ್ಯಾಮೆರಾ, ಪ್ರಿಂಟರ್‌ಗಳಿಗೆ ಕಾಯಂ ಮಾಡಿದ ಐಪಿಗಳು. ಫೈರ್‌ವಾಲ್ ಫೈಲಿನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಮನೆಯ ಸಾಧನ ತಲುಪಲು ಬಿಟ್ಟ ದಾರಿಗಳು. ಬೇರೆ ಮಾಡೆಲ್‌ಗೆ ಇಡೀ ಫೈಲ್ ಏರಿಸಬೇಡಿ. ಪೋರ್ಟುಗಳ ಹೆಸರು ಹೊಂದದೆ ರೂಟರ್ ಸಂಪರ್ಕಕ್ಕೇ ಸಿಗದೆ ಹೋಗಬಹುದು. ಓಪನ್‌ಡಬ್ಲ್ಯುಆರ್‌ಟಿ ಆವೃತ್ತಿ 19.07ರ ಫೈಲ್ 21.02ಕ್ಕೆ ಹೋಗುವಾಗಲೂ ಇದೇ ತೊಂದರೆ, ಯಾಕೆಂದರೆ ಅಲ್ಲಿ ಅನೇಕ ಮಾಡೆಲ್‌ಗಳ ಸ್ವಿಚ್ ವ್ಯವಸ್ಥೆಯೇ ಬದಲಾಯಿತು. ಬೇಕಾದ ಸಾಲುಗಳನ್ನಷ್ಟೇ ನಕಲು ಮಾಡಿ. ನೀವು ಹಾಕಿಕೊಂಡ ಪ್ಯಾಕೇಜ್‌ಗಳು ಬ್ಯಾಕಪ್‌ನಲ್ಲಿ ಬರುವುದಿಲ್ಲ, ಅವನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಮೈಕ್ರೋಟಿಕ್ ಕಂಪನಿಯ ರೂಟರಿನಲ್ಲಿ ಫೈಲ್ ಎರಡು ಥರ, ಜನ ಎಡವುವುದೂ ಇಲ್ಲೇ. ಬ್ಯಾಕಪ್ ಫೈಲ್ ಅದೇ ಡಬ್ಬಿಗೆ ಮಾತ್ರ. ಇನ್ನೊಂದಕ್ಕೆ ಹಾಕಿದರೆ ಹಳೆಯದರ ಮ್ಯಾಕ್ ವಿಳಾಸಗಳೂ (ಪ್ರತಿ ಪೋರ್ಟಿನ ಹಾರ್ಡ್‌ವೇರ್ ಗುರುತಿನ ಸಂಖ್ಯೆ) ಜೊತೆಗೆ ಬಂದು, ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದರೆ ಜಗಳ ಶುರು. ಎಕ್ಸ್‌ಪೋರ್ಟ್ ಮಾಡಿದ ಆರ್‌ಎಸ್‌ಸಿ ಫೈಲ್ ಓದಬಹುದು, ತಿದ್ದಬಹುದು. ಮೈಕ್ರೋಟಿಕ್ ತಂತ್ರಾಂಶದ ಆವೃತ್ತಿ 7ರಲ್ಲಿ ಎಕ್ಸ್‌ಪೋರ್ಟ್ ಆದೇಶಕ್ಕೆ ‘ಷೋ-ಸೆನ್ಸಿಟಿವ್’ ಸೇರಿಸದಿದ್ದರೆ ಪಿಪಿಪಿಒಇ, ವೈಫೈ ಪಾಸ್‌ವರ್ಡ್ ಬಿಟ್ಟುಹೋಗುತ್ತವೆ. ಲಾಗಿನ್ ಯೂಸರ್‌ಗಳ ಪಾಸ್‌ವರ್ಡ್ ಹೇಗೂ ಬರುವುದಿಲ್ಲ. ಇಂಪೋರ್ಟ್‌ಗೆ ಮುಂಚೆ ‘ನೋ-ಡಿಫಾಲ್ಟ್ಸ್’ ಕೊಟ್ಟು ರಿಸೆಟ್ ಮಾಡಿ. ಇಲ್ಲದಿದ್ದರೆ ಮೊದಲೇ ಇದ್ದ ಬ್ರಿಡ್ಜ್‌ಗೆ (ಪೋರ್ಟುಗಳನ್ನು ಒಂದಾಗಿ ಸೇರಿಸುವ ಸೆಟ್ಟಿಂಗ್) ಡಿಕ್ಕಿ ಹೊಡೆದು ಅರ್ಧಕ್ಕೆ ನಿಲ್ಲುತ್ತದೆ.

ನಾಲ್ಕನೆಯದು ಕಾಗದ. ಪಿಪಿಪಿಒಇ ವಿವರ, ವಿಲ್ಯಾನ್ ನಂಬರ್ (ಆಪರೇಟರ್ ಕೊಟ್ಟಿದ್ದರೆ), ವ್ಯಾನ್ ಪೋರ್ಟಿನ (ಹೊರಗಿನ ಇಂಟರ್ನೆಟ್ ಕೇಬಲ್ ಸೇರುವ ತೂತು) ಮ್ಯಾಕ್ ವಿಳಾಸ, ವೈಫೈ ಹೆಸರು-ಪಾಸ್‌ವರ್ಡ್ ಬರೆದಿಟ್ಟರೆ ಸಾಮಾನ್ಯ ಮನೆಗೆ ಸಾಕು. ಮ್ಯಾಕ್ ಯಾಕೆ ಅಂದರೆ, ಕೆಲವು ಆಪರೇಟರ್‌ಗಳು ಕನೆಕ್ಷನ್ನನ್ನು ಅದಕ್ಕೇ ಕಟ್ಟಿಹಾಕಿರುತ್ತಾರೆ. ಆಗ ಹೊಸ ರೂಟರಿನಲ್ಲಿ ಮ್ಯಾಕ್ ಕ್ಲೋನ್ ಮಾಡಬೇಕು, ಅಂದರೆ ಹಳೆಯ ಮ್ಯಾಕ್ ವಿಳಾಸವನ್ನೇ ಹಾಕಬೇಕು, ಇಲ್ಲವೇ ಅವರಿಗೆ ಫೋನ್ ಹಚ್ಚಬೇಕು.

ಟಿಪಿ-ಲಿಂಕ್ ಇದ್ದವರಿಗೆ ಬಿನ್ ಫೈಲ್ ಜೊತೆ ಈ ಕಾಗದ. ಮೈಕ್ರೋಟಿಕ್ ಇದ್ದವರಿಗೆ ಎರಡೂ ಫೈಲ್. ಓಪನ್‌ಡಬ್ಲ್ಯುಆರ್‌ಟಿಯದು ಒಂದೇ ಸಾಕು. ಪಾಸ್‌ವರ್ಡ್ ಬಯಲಾಗಿರುವ ಫೈಲುಗಳನ್ನು ಮಾತ್ರ ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ, ಪೆನ್‌ಡ್ರೈವ್‌ನಲ್ಲಿ ಇಡಿ.