ನಡೆಯುತ್ತಿರುವ ಪ್ರಾಜೆಕ್ಟಿಗೆ ಮಾಡ್ಯೂಲ್ ಫೆಡರೇಶನ್: ಒಂದು ಕಬ್ಬಿನ ಹಂಗಾಮು ಬಳಸಿ ನೋಡಿದ ಮೇಲೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನಿಮ್ಮ ವೆಬ್ ಆ್ಯಪ್‌ನ ಬೇರೆ ಬೇರೆ ಭಾಗಗಳು ಬೇರೆ ಬೇರೆ ದಿನ ಬದಲಾಗಬೇಕು, ಒಂದಕ್ಕೆ ಕೈ ಹಾಕಿದಾಗ ಇನ್ನೊಂದು ಅಲುಗಾಡಬಾರದು ಅನ್ನುವ ಪರಿಸ್ಥಿತಿ ಇದ್ದರೆ ಮಾಡ್ಯೂಲ್ ಫೆಡರೇಶನ್, ಅಂದರೆ ಬೇರೆ ಬೇರೆ ಕಟ್ಟಿದ ಭಾಗಗಳನ್ನು ಬ್ರೌಸರ್‌ನಲ್ಲಿ ಜೋಡಿಸುವ ವಿಧಾನ, ಹಾಕಿಕೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಪರಿಸ್ಥಿತಿ ಇಲ್ಲದಿದ್ದರೆ ಬೇಡ. ಎಲ್ಲರೂ ಹಾಕುತ್ತಿದ್ದಾರೆ ಅಂತ ಸುಮ್ನೆ ಹಾಕುವ ಸಾಮಾನಲ್ಲ ಇದು.

ನಾವು ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡ. ನಮ್ಮ ಪೋರ್ಟಲ್‌ನಲ್ಲಿ ನಾಲ್ಕು ದೊಡ್ಡ ಭಾಗಗಳಿವೆ: ಕಬ್ಬು ನೋಂದಣಿ, ಕಟಾವಿನ ಪಾಳಿ, ಕಾಟಾ (ಕಬ್ಬಿನ ಗಾಡಿ ತೂಗುವುದು), ಆಮೇಲೆ ರೈತರ ಪಟ್ಟಿ. ಪಟ್ಟಿ ಅಂದರೆ ಬಿಲ್ಲು. ಕಬ್ಬು ಎಷ್ಟು ತೂಗಿತು, ದರ ಎಷ್ಟು, ಕಟಾವು-ಸಾಗಣೆ ಎಷ್ಟು ಹೋಯಿತು, ಕೈಗೆ ಎಷ್ಟು ಬಂತು ಅನ್ನುವ ಲೆಕ್ಕ. ಪರದೆ ಕಟ್ಟುವ ರಿಯಾಕ್ಟ್ ಲೈಬ್ರರಿ ಮತ್ತು ಕೋಡನ್ನೆಲ್ಲ ಬ್ರೌಸರ್‌ಗೆ ಹೊಂದುವ ಹಾಗೆ ಕಟ್ಟಿಕೊಡುವ (ಅದಕ್ಕೇ ಬಿಲ್ಡ್ ಅನ್ನುವುದು) ವೆಬ್‌ಪ್ಯಾಕ್ 5 ಬಳಸಿ ಮಾಡಿದ ಆ್ಯಪ್. ಕೋಡ್ ಇಡುವ ರೆಪೊ ಒಂದೇ, ಬಿಲ್ಡ್ ಒಂದೇ. ನುರಿಸುವ ಹಂಗಾಮು ಶುರುವಾದರೆ ಕಾಟಾ ಹಗಲು ರಾತ್ರಿ ನಡೆಯುತ್ತದೆ. ಗೇಟಿನ ಹೊರಗೆ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ. ಪಟ್ಟಿಯಲ್ಲಿ ಒಂದು ಸಾಲು ಬದಲಾಯಿಸಬೇಕಾದರೂ ಇಡೀ ಆ್ಯಪ್ ಮತ್ತೆ ಬಿಲ್ಡ್ ಮಾಡಿ ಸರ್ವರ್‌ಗೆ ಏರಿಸಬೇಕಿತ್ತು. ಕಾಟಾದ ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ದರೂ ಕಾಟಾ ಮತ್ತೆ ಪರೀಕ್ಷೆಗೆ ಕೂರಬೇಕಿತ್ತು. ನಾವು ಬದಲಾವಣೆ ಮಾಡಬೇಕೆಂದಾಗಲೆಲ್ಲ ಒಂದು ಕಾರ್ಖಾನೆಯ ಕಾಟಾ ಆಪರೇಟರ್ ಹೇಳುತ್ತಿದ್ದ ಮಾತು ಒಂದೇ: "ಏನರ ಮಾಡ್ರಿ ಸರ, ಕಾಟಾ ಮಾತ್ರ ನಿಲ್ಲಬಾರದ್ರಿ."

ಪಟ್ಟಿಯೋ, ಯಾವಾಗ ಬದಲಾಗುತ್ತದೆ ಅಂತ ಹೇಳಲಿಕ್ಕೇ ಬರುವುದಿಲ್ಲ. ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರ, ಪ್ರತಿ ಹಂಗಾಮಿಗೂ ಹೊಸದು. 2024-25ಕ್ಕೆ ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು. ಇದು ಮೊದಲೇ ಗೊತ್ತಿರುವ ಬದಲಾವಣೆ, ತಯಾರಿ ಮಾಡಿಕೊಳ್ಳಬಹುದು. ಆದರೆ 2025ರ ನವೆಂಬರ್ ನೆನಪಿದೆ ಅಲ್ವಾ? ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಕಬ್ಬಿನ ದರಕ್ಕಾಗಿ ರೈತರು ರಸ್ತೆಯಲ್ಲೇ ಕೂತರು. ಕೊನೆಗೆ ಟನ್ನಿಗೆ 3,300 ರೂಪಾಯಿ ಅಂತ ತೀರ್ಮಾನವಾಯಿತು, ಅದರಲ್ಲಿ 50 ರೂಪಾಯಿ ಸರ್ಕಾರದ ಪಾಲು. ಕಾರ್ಖಾನೆ ಕೊಡುವುದು ಬೇರೆ, ಸರ್ಕಾರ ಕೊಡುವುದು ಬೇರೆ ಅಂದ ಮೇಲೆ ಪಟ್ಟಿಯಲ್ಲಿ ಎರಡೂ ಬೇರೆ ಬೇರೆ ಕಾಣಬೇಕು. ರೈತ ತನ್ನ ದುಡ್ಡು ಎಲ್ಲಿಂದ ಬಂತು ಅಂತ ನೋಡಬೇಕು. ಇಂಥ ಬದಲಾವಣೆ ನುರಿಸುವಿಕೆ ಜೋರಾಗುವ ಹೊತ್ತಿನಲ್ಲೇ ಬರುತ್ತದೆ. ಪಟ್ಟಿಯನ್ನು ಕಾಟಾದಿಂದ ಬಿಡಿಸಲೇಬೇಕು ಅನ್ನುವುದಕ್ಕೆ ನನಗೆ ಬೇರೆ ಕಾರಣ ಬೇಕಿರಲಿಲ್ಲ.

ಬಿಡಿಸುವ ದಾರಿಗಳು ಮೂರು. ಪಟ್ಟಿಯನ್ನು ಎನ್‌ಪಿಎಂ ಪ್ಯಾಕೇಜ್ (ಬೇರೆ ಆ್ಯಪ್‌ಗಳು ಸೇರಿಸಿಕೊಳ್ಳುವ ಕೋಡಿನ ಕಟ್ಟು) ಮಾಡಬಹುದು. ಆದರೆ ಪ್ಯಾಕೇಜ್ ಸೇರುವುದು ಬಿಲ್ಡ್ ಆಗುವಾಗ, ಹಾಗಾಗಿ ಮುಖ್ಯ ಆ್ಯಪ್ ಮತ್ತೆ ಬಿಲ್ಡ್ ಆಗಲೇಬೇಕು. ಐಫ್ರೇಮ್‌ನಲ್ಲಿ, ಅಂದರೆ ಪುಟದೊಳಗೆ ಇನ್ನೊಂದು ಪುಟವಾಗಿ, ತೋರಿಸಬಹುದು. ಅದರಲ್ಲಿ ಲಾಗಿನ್ ದಾಟಿಸುವುದು, ಎತ್ತರ ಹೊಂದಿಸುವುದು, ಪ್ರಿಂಟ್ ತೆಗೆಯುವುದು ಎಲ್ಲಾ ಕಿರಿಕಿರಿ. ಪಟ್ಟಿ ಅಂದರೆ ಪ್ರಿಂಟ್ ತಾನೇ ಮುಖ್ಯ. ಮೂರನೆಯದು ಮಾಡ್ಯೂಲ್ ಫೆಡರೇಶನ್. ಇದರಲ್ಲಿ ಎರಡು ಆ್ಯಪ್‌ಗಳು ಬೇರೆ ಬೇರೆಯಾಗಿ ಬಿಲ್ಡ್ ಆಗುತ್ತವೆ, ಜೋಡಣೆ ಆಗುವುದು ಬಳಸುವವರ ಬ್ರೌಸರ್‌ನಲ್ಲಿ. ಟ್ರ್ಯಾಕ್ಟರ್ ಇಂಜಿನ್ ಒಂದೇ, ಹಿಂದೆ ಯಾವ ಡಬ್ಬಿ ಬೇಕೋ ಅದನ್ನು ಕೊಂಡಿಗೆ ಹಾಕಿ ಎಳೆದ ಹಾಗೆ. ಇಂಜಿನ್‌ಗೆ ಹೋಸ್ಟ್ ಅನ್ನುತ್ತಾರೆ, ಡಬ್ಬಿಗೆ ರಿಮೋಟ್.

ಇದು 2020ರ ಅಕ್ಟೋಬರ್‌ನಲ್ಲಿ ವೆಬ್‌ಪ್ಯಾಕ್ 5ರ ಜೊತೆಗೇ ಬಂತು. ಹಾಗಾಗಿ ವೆಬ್‌ಪ್ಯಾಕ್ 5 ಇರುವವರು ಶುರು ಮಾಡಲು ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಪ್ಲಗಿನ್ ಒಳಗೇ ಇದೆ. ಲೈಸೆನ್ಸ್ ಎಂಐಟಿ, ದುಡ್ಡಿಲ್ಲ. ಕಾನ್ಫಿಗ್ ಕೂಡ ಚಿಕ್ಕದು. ಪಟ್ಟಿಯ ಕಡೆ ‘ಎಕ್ಸ್‌ಪೋಸಸ್’ ಅಂತ ಬರೆದು ಯಾವ ಕಾಂಪೊನೆಂಟ್ ಹೊರಗೆ ಕೊಡಬೇಕು ಅಂತ ಹೇಳಬೇಕು. ಹೋಸ್ಟ್ ಕಡೆ ‘ರಿಮೋಟ್ಸ್’ ಅಂತ ಬರೆದು ಅದು ಎಲ್ಲಿ ಸಿಗುತ್ತದೆ ಅಂತ ವಿಳಾಸ ಕೊಡಬೇಕು. ಇಷ್ಟು ಬರೆದು ಆ್ಯಪ್ ಓಡಿಸಿದರೆ ಬಹಳ ಮಂದಿಗೆ ಮೊದಲು ಕಾಣುವುದು ಒಂದು ಎರರ್: ಹಂಚಿಕೊಂಡ ಮಾಡ್ಯೂಲ್ ‘ಈಗರ್ ಕನ್ಸಂಪ್ಶನ್’ಗೆ ಸಿಗುವುದಿಲ್ಲ ಅಂತ. ಗಾಬರಿ ಬೇಡ. ರಿಯಾಕ್ಟ್ ಯಾರದ್ದು ಬಳಸಬೇಕು, ಹೋಸ್ಟಿನದೋ ರಿಮೋಟಿನದೋ ಅಂತ ತೀರ್ಮಾನ ಆಗುವ ಮೊದಲೇ ನಿಮ್ಮ ಇಂಡೆಕ್ಸ್ ಫೈಲ್ ರಿಯಾಕ್ಟ್ ಕೇಳುತ್ತಿದೆ, ಅಷ್ಟೇ. ಇಂಡೆಕ್ಸ್‌ನಲ್ಲಿ ಇರುವುದನ್ನೆಲ್ಲ ‘ಬೂಟ್‌ಸ್ಟ್ರಾಪ್’ ಅಂತ ಹೊಸ ಫೈಲಿಗೆ ಸರಿಸಿ. ಇಂಡೆಕ್ಸ್‌ನಲ್ಲಿ ಅದನ್ನು ಡೈನಾಮಿಕ್ ಇಂಪೋರ್ಟ್ ಮಾಡುವ ಒಂದೇ ಸಾಲು ಉಳಿಸಿ. ತೀರ್ಮಾನಕ್ಕೆ ಬೇಕಾದ ಪುರುಸೊತ್ತು ಸಿಗುತ್ತದೆ, ಎರರ್ ಹೋಗುತ್ತದೆ. ಹಳೆಯ ಪ್ರಾಜೆಕ್ಟಿನ ಉಳಿದ ಕೋಡನ್ನು ಇದಕ್ಕಾಗಿ ಮುಟ್ಟಬೇಕಿಲ್ಲ. ನನಗೆ ಈ ಸಾಮಾನು ಇಷ್ಟವಾಗಲು ಇದೇ ದೊಡ್ಡ ಕಾರಣ.

ನಿಜವಾದ ಕೆಲಸ ಇರುವುದು ‘ಶೇರ್ಡ್’ ಅನ್ನುವ ಜಾಗದಲ್ಲಿ. ಅಲ್ಲಿ ಬರೆದ ಲೈಬ್ರರಿಗಳನ್ನು ಎರಡೂ ಕಡೆಯವರು ಹಂಚಿಕೊಳ್ಳುತ್ತಾರೆ. ರಿಯಾಕ್ಟ್‌ಗೆ ‘ಸಿಂಗಲ್ಟನ್’, ಅಂದರೆ ಪುಟಕ್ಕೆ ಒಂದೇ ಪ್ರತಿ ಅನ್ನುವ ನಿಯಮ, ಹಾಕಲೇಬೇಕು. ಇಲ್ಲದಿದ್ದರೆ ವರ್ಷನ್ ಹೊಂದದಿದ್ದಾಗ ಪುಟದಲ್ಲಿ ಎರಡು ರಿಯಾಕ್ಟ್ ಬಂದು ಕೂರುತ್ತವೆ, ‘ಇನ್‌ವ್ಯಾಲಿಡ್ ಹುಕ್ ಕಾಲ್’ ಅಂತ ಪರದೆ ಬೀಳುತ್ತದೆ. ಕಾಂಟೆಕ್ಸ್ಟ್‌ನಲ್ಲಿ (ಎಲ್ಲಾ ಕಾಂಪೊನೆಂಟ್‌ಗಳಿಗೂ ಮಾಹಿತಿ ತಲುಪಿಸುವ ರಿಯಾಕ್ಟ್‌ನ ವ್ಯವಸ್ಥೆ) ಇಟ್ಟ ಲಾಗಿನ್ ಮಾಹಿತಿಯೂ ಹಾಗೇ. ಅದನ್ನು ಕೊಡುವ ಪ್ಯಾಕೇಜ್ ಎರಡು ಪ್ರತಿ ಆದರೆ, ಹೋಸ್ಟಿನಲ್ಲಿ ಲಾಗಿನ್ ಆದವರು ಪಟ್ಟಿಯಲ್ಲಿ ಲಾಗಿನ್ ಆಗಿಯೇ ಇರುವುದಿಲ್ಲ. ನಾವು ಹಂಚಿದ್ದು ರಿಯಾಕ್ಟ್, ರಿಯಾಕ್ಟ್ ಡಾಮ್, ರೌಟರ್, ನಮ್ಮದೇ ಲಾಗಿನ್ ಪ್ಯಾಕೇಜ್. ಅಷ್ಟೇ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿರುವ ಎಲ್ಲವನ್ನೂ ಸುರಿಯುವ ಉದಾಹರಣೆಗಳು ಸಿಗುತ್ತವೆ, ಅವನ್ನು ಅನುಸರಿಸಬೇಡಿ. ವೆಬ್‌ಪ್ಯಾಕ್‌ನ ಪ್ಲಗಿನ್‌ನಲ್ಲಿ ಹಂಚಿದ ಲೈಬ್ರರಿ ಇಡಿಯಾಗಿ ಬರುತ್ತದೆ. ಲೋಡ್ಯಾಶ್‌ನಂಥದ್ದರಿಂದ ಒಂದೆರಡು ಫಂಕ್ಷನ್ ಬಳಸುತ್ತಿದ್ದರೂ ಪೂರ್ತಿ ಹೊರೆ ಹೊರಬೇಕಾಗುತ್ತದೆ.

ವರ್ಷನ್ ವಿಷಯದಲ್ಲಿ ಒಂದು ಎಚ್ಚರ. ಸಿಂಗಲ್ಟನ್ ಹಾಕಿದಾಗ ಇರುವವುಗಳಲ್ಲಿ ಹೆಚ್ಚಿನ ವರ್ಷನ್ ಗೆಲ್ಲುತ್ತದೆ. ಅದು ನೀವು ಕೇಳಿದ ವರ್ಷನ್‌ಗೆ ಹೊಂದದಿದ್ದರೆ ಕನ್ಸೋಲ್‌ನಲ್ಲಿ ಒಂದು ಹಳದಿ ಎಚ್ಚರಿಕೆ ಬರುತ್ತದೆ, ಆ್ಯಪ್ ಮಾತ್ರ ಓಡುತ್ತಲೇ ಇರುತ್ತದೆ. ಹಳದಿ ಸಾಲನ್ನು ಯಾರು ಓದುತ್ತಾರೆ? ‘ಸ್ಟ್ರಿಕ್ಟ್ ವರ್ಷನ್’ ಹಾಕಿದರೆ ಅದೇ ಎರರ್ ಆಗಿ ನಿಲ್ಲುತ್ತದೆ. ನಾವು ಪರೀಕ್ಷೆಯ ಸರ್ವರ್‌ನಲ್ಲಿ ಅದನ್ನು ಹಾಕಿಟ್ಟಿದ್ದೇವೆ. ತಪ್ಪು ಇದ್ದರೆ ನಮ್ಮ ಆಫೀಸಿನಲ್ಲೇ ಬೀಳಲಿ, ಕಾರ್ಖಾನೆಯಲ್ಲಿ ಬೇಡ.

ಈಗ ಕಾಟಾ ಆಪರೇಟರ್ ಹೇಳಿದ ಮಾತಿಗೆ ಬರುತ್ತೇನೆ. ಪಟ್ಟಿಯ ಸರ್ವರ್ ಬಿದ್ದರೆ ಕಾಟಾ ನಡೆಯುತ್ತದೋ ಇಲ್ಲವೋ? ರಿಯಾಕ್ಟ್ ಲೇಜಿ (ಬೇಕಾದಾಗ ಮಾತ್ರ ಭಾಗವನ್ನು ತರುವುದು) ಮತ್ತು ಎರರ್ ಬೌಂಡರಿ (ಒಂದು ಭಾಗದ ಎರರ್ ಉಳಿದದ್ದಕ್ಕೆ ಹರಡದ ಹಾಗೆ ತಡೆಯುವುದು) ಹಾಕಿದರೆ ಸಾಕು ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಅದು ಅರ್ಧ ಉತ್ತರ. ವೆಬ್‌ಪ್ಯಾಕ್‌ನ ಪ್ಲಗಿನ್‌ನಲ್ಲಿ ರಿಮೋಟ್ ವಿಳಾಸವನ್ನು ಕಾನ್ಫಿಗ್‌ನಲ್ಲೇ ಬರೆದರೆ, ಹಂಚಿಕೆಯ ತೀರ್ಮಾನಕ್ಕಾಗಿ ಹೋಸ್ಟ್ ಶುರುವಾಗುವಾಗಲೇ ಎಲ್ಲಾ ರಿಮೋಟ್‌ಗಳ ಎಂಟ್ರಿ ಫೈಲ್ (ರಿಮೋಟಿನಲ್ಲಿ ಏನೇನಿದೆ ಅಂತ ಹೇಳುವ ಮೊದಲ ಫೈಲ್) ತರಲು ಹೋಗುತ್ತದೆ. ಸರ್ವರ್ ಪೂರ್ತಿ ಬಿದ್ದಿದ್ದರೆ ತೊಂದರೆ ಕಡಿಮೆ. ಕೂಡಲೇ ‘ಇಲ್ಲ’ ಅಂತ ಉತ್ತರ ಬರುತ್ತದೆ, ಹೋಸ್ಟ್ ಮುಂದೆ ಹೋಗುತ್ತದೆ. ಸರ್ವರ್ ಉತ್ತರವನ್ನೇ ಕೊಡದೆ ಎಳೆದಾಡಿದರೆ ಕಷ್ಟ. ಹೋಸ್ಟ್ ಕಾಯುತ್ತ ಕೂರುತ್ತದೆ, ಪರದೆ ಬಿಳಿ. ಹಳ್ಳಿ ದಾರಿಯ ಕಾರ್ಖಾನೆಗಳಲ್ಲಿ ಇಂಟರ್ನೆಟ್ ಪೂರ್ತಿ ಹೋಗುವುದಕ್ಕಿಂತ ಎಳೆದಾಡುವುದೇ ಜಾಸ್ತಿ. ಆಫೀಸಿನ ಒಳ್ಳೆಯ ಕನೆಕ್ಷನ್‌ನಲ್ಲಿ ಇದು ಯಾವತ್ತೂ ಕಾಣಿಸುವುದಿಲ್ಲ. ಕ್ರೋಮ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು, ಪಟ್ಟಿಯ ಸರ್ವರ್ ಉತ್ತರ ಕೊಡದ ಹಾಗೆ ಮಾಡಿ ನೋಡಿದರೆ ಗೊತ್ತಾಗುತ್ತದೆ. ಆ ಒಂದು ಸಾಲು ‘ಪೆಂಡಿಂಗ್’ ಅಂತ ನಿಂತಿರುತ್ತದೆ, ಕಾಟಾ ಅದರ ಹಿಂದೆ ನಿಂತಿರುತ್ತದೆ.

ಇದಕ್ಕಾಗಿಯೇ ನಾವು ಒಳಗಿನ ಪ್ಲಗಿನ್ ಬಿಟ್ಟು ಮಾಡ್ಯೂಲ್ ಫೆಡರೇಶನ್ 2.0ಕ್ಕೆ ಹೋದೆವು. ಇದು 2024ರಲ್ಲಿ ಬಂದದ್ದು. ಎನ್‌ಪಿಎಂನಲ್ಲಿ ‘ಎನ್‌ಹ್ಯಾನ್ಸ್‌ಡ್’ ಅನ್ನುವ ಪ್ಯಾಕೇಜ್ ಆಗಿ ಸಿಗುತ್ತದೆ. ಕಾನ್ಫಿಗ್ ಹೆಚ್ಚುಕಡಿಮೆ ಅದೇ, ಪ್ಲಗಿನ್ ಎಲ್ಲಿಂದ ತರುತ್ತೀರಿ ಅನ್ನುವ ಸಾಲು ಬದಲಾಗುತ್ತದೆ. ಇದರಲ್ಲಿ ‘ಶೇರ್ ಸ್ಟ್ರಾಟಜಿ’ ಅಂತ ಒಂದು ಆಯ್ಕೆ ಇದೆ. ಸುಮ್ಮನೆ ಬಿಟ್ಟರೆ ‘ವರ್ಷನ್ ಫಸ್ಟ್’ ಇರುತ್ತದೆ, ಅಂದರೆ ಶುರುವಿನಲ್ಲೇ ಎಲ್ಲರನ್ನೂ ಕೇಳುವ ಹಳೆಯ ಪದ್ಧತಿ. ಅದನ್ನು ‘ಲೋಡೆಡ್ ಫಸ್ಟ್’ ಮಾಡಿದರೆ ಯಾರಾದರೂ ಪಟ್ಟಿ ತೆರೆದಾಗ ಮಾತ್ರ ಪಟ್ಟಿಯ ಎಂಟ್ರಿ ಬರುತ್ತದೆ. ಈಗ ಪಟ್ಟಿಯ ಸರ್ವರ್ ಎಷ್ಟೇ ಎಳೆದಾಡಲಿ, ಕಾಟಾ ಪರದೆ ತನ್ನ ಪಾಡಿಗೆ ತೆರೆಯುತ್ತದೆ. ಪಟ್ಟಿ ಒತ್ತಿದವರಿಗೆ "ಪಟ್ಟಿ ಸದ್ಯಕ್ಕೆ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಿ" ಅಂತ ಕನ್ನಡದಲ್ಲೇ ಬರುತ್ತದೆ. ಈ ಒಂದು ಸೆಟ್ಟಿಂಗ್ ಇಲ್ಲದಿದ್ದರೆ ನಾನು ಎರಡೇ ಸ್ಟಾರ್ ಕೊಡುತ್ತಿದ್ದೆ.

2.0ರಲ್ಲಿ ಇನ್ನೊಂದು ಲಾಭ ಟೈಪ್‌ಸ್ಕ್ರಿಪ್ಟ್‌ನವರಿಗೆ. ಹಳೆಯದರಲ್ಲಿ ರಿಮೋಟಿನ ಟೈಪ್‌ಗಳು ಹೋಸ್ಟಿಗೆ ಗೊತ್ತಾಗುತ್ತಿರಲಿಲ್ಲ, ಕೈಯಾರೆ ಬರೆದಿಡಬೇಕಿತ್ತು. ಇದರಲ್ಲಿ ತಾನಾಗಿ ಬರುತ್ತವೆ. ಪಟ್ಟಿಗೆ ಕೊಡುವ ಪ್ರಾಪ್‌ನ (ಕಾಂಪೊನೆಂಟ್‌ಗೆ ದಾಟಿಸುವ ಮಾಹಿತಿ) ಹೆಸರು ಬದಲಾದರೆ ಹೋಸ್ಟ್ ಬರೆಯುವವರಿಗೆ ಎಡಿಟರ್‌ನಲ್ಲೇ ಕೆಂಪು ಗೆರೆ. ವೆಬ್‌ಪ್ಯಾಕ್ ಬದಲು ಆರ್‌ಎಸ್‌ಪ್ಯಾಕ್, ವೀಟ್ ಬಳಸುವವರಿಗೂ ಪ್ಲಗಿನ್ ಇದೆ. ನಾನು ಅವನ್ನು ಹಂಗಾಮಿನಲ್ಲಿ ಓಡಿಸಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ.

ಸರ್ವರ್ ಹೊಂದಿಸುವವರು ಗಮನಿಸಬೇಕಾದದ್ದು ಕ್ಯಾಶ್, ಅಂದರೆ ಒಮ್ಮೆ ತಂದ ಫೈಲನ್ನು ಬ್ರೌಸರ್ ತನ್ನ ಬಳಿಯೇ ಇಟ್ಟುಕೊಳ್ಳುವುದು. ‘ರಿಮೋಟ್ ಎಂಟ್ರಿ’ ಫೈಲಿನ ಹೆಸರು ಯಾವತ್ತೂ ಬದಲಾಗುವುದಿಲ್ಲ, ಒಳಗಿನದು ಬದಲಾಗುತ್ತದೆ. ಅದನ್ನು ಬ್ರೌಸರ್ ಇಟ್ಟುಕೊಂಡರೆ ನೀವು ಹೊಸ ದರ ಏರಿಸಿದರೂ ಅಕೌಂಟ್ಸ್‌ನವರು ಹಳೆಯ ಪಟ್ಟಿಯನ್ನೇ ಪ್ರಿಂಟ್ ತೆಗೆಯುತ್ತಿರುತ್ತಾರೆ. ವೆಬ್ ಸರ್ವರ್ ಆದ ಎನ್‌ಜಿನ್‌ಎಕ್ಸ್‌ನಲ್ಲಿ ಆ ಒಂದು ಫೈಲಿಗೆ ‘ನೋ ಕ್ಯಾಶ್’ ಹಾಕಿ. ಉಳಿದ ತುಂಡುಗಳ ಹೆಸರಿನಲ್ಲಿ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಇದ್ದರೆ ಅವನ್ನು ವರ್ಷಗಟ್ಟಲೆ ಇಟ್ಟುಕೊಂಡರೂ ತೊಂದರೆ ಇಲ್ಲ. ಹಳೆಯ ತುಂಡುಗಳನ್ನು ಕೂಡಲೇ ಅಳಿಸಬೇಡಿ, ಬೆಳಗ್ಗೆಯಿಂದ ಪುಟ ತೆರೆದಿಟ್ಟವರು ಅವನ್ನೇ ಕೇಳುತ್ತಾರೆ. ತುಂಡುಗಳನ್ನು ಎಲ್ಲಿಂದ ತರಬೇಕು ಅಂತ ಹೇಳುವ ‘ಪಬ್ಲಿಕ್ ಪಾಥ್’ ಅನ್ನು ‘ಆಟೋ’ ಮಾಡಿ. ಎಲ್ಲವನ್ನೂ ಒಂದೇ ಡೊಮೇನ್‌ನಲ್ಲಿ ಬೇರೆ ಬೇರೆ ದಾರಿಗಳಲ್ಲಿ ಇಟ್ಟರೆ ಕಾರ್ಸ್ (ಬೇರೆ ಡೊಮೇನಿನಿಂದ ತರಲು ಬ್ರೌಸರ್ ಕೇಳುವ ಅನುಮತಿ) ತಲೆನೋವೂ ಇಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆ? ಬ್ರೌಸರ್‌ನಲ್ಲಿ ಓಡುವ ಜೋಡಿ, ಅಂದರೆ ಇವತ್ತಿನ ಹೋಸ್ಟ್ ಮತ್ತು ನಿನ್ನೆಯ ಪಟ್ಟಿ, ಯಾವ ಬಿಲ್ಡ್‌ನಲ್ಲೂ ಒಟ್ಟಿಗೆ ಪರೀಕ್ಷೆ ಆಗಿರುವುದಿಲ್ಲ. ಪಟ್ಟಿ ಏರಿಸುವ ಮುನ್ನ ಕಾರ್ಖಾನೆಯಲ್ಲಿ ಈಗ ಓಡುತ್ತಿರುವ ಹೋಸ್ಟ್ ಜೊತೆಗೇ ಇಟ್ಟು ನೋಡುವ ಪರೀಕ್ಷೆಯನ್ನು ನೀವೇ ಕಟ್ಟಬೇಕು. ಈ ಉಪಕರಣ ಅದನ್ನು ಮಾಡಿಕೊಡುವುದಿಲ್ಲ. ಪುಟದ ಅಂದ ಹೊಂದಿಸುವ ಸಿಎಸ್‌ಎಸ್ ಕೂಡ ಬೇರ್ಪಡುವುದಿಲ್ಲ. ಪಟ್ಟಿಯ ‘ಟೇಬಲ್’ ಸ್ಟೈಲ್ ಕಾಟಾದ ಟೇಬಲ್‌ಗೂ ಹತ್ತುತ್ತದೆ, ಸಿಎಸ್‌ಎಸ್ ಮಾಡ್ಯೂಲ್ ಬಳಸಲೇಬೇಕು.

ಆದರೂ ನಮ್ಮ ತಂಡಕ್ಕೆ ಸಿಕ್ಕಿದ್ದು ದೊಡ್ಡದು. ಈಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗಿಯೊಬ್ಬಳು ಪಟ್ಟಿಯನ್ನು ಪೂರ್ತಿ ತಾನೇ ನೋಡಿಕೊಳ್ಳುತ್ತಾಳೆ. ಇಡೀ ಪೋರ್ಟಲ್ ಅರ್ಥವಾಗುವವರೆಗೆ ಕಾಯಬೇಕಾಗಲಿಲ್ಲ. ಅವಳ ರೆಪೊ ಚಿಕ್ಕದು, ಬಿಲ್ಡ್ ಬೇಗ. ಅಕೌಂಟ್ಸ್‌ನವರು ಕೇಳಿದ ಸಾಲನ್ನು ಸೇರಿಸಿ, ಪರೀಕ್ಷಿಸಿ, ಹಗಲು ಹೊತ್ತಿನಲ್ಲೇ ಏರಿಸುತ್ತಾಳೆ. ಮೊದಲು ಈ ಕೆಲಸ ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ಕಾಯುತ್ತಿತ್ತು.

ಹಾಕಿಕೊಳ್ಳುವವರಿಗೆ ನನ್ನ ಸಲಹೆ: ಒಂದೇ ಭಾಗದಿಂದ ಶುರು ಮಾಡಿ, ಅದೂ ಜಾಸ್ತಿ ಬದಲಾಗುವ ಭಾಗದಿಂದ. ಒಂದು ಹಂಗಾಮು ಅದನ್ನೇ ಓಡಿಸಿ. ನಾವು ಮುಂದಿನ ನುರಿಸುವಿಕೆಗೆ ಮೊದಲು ಕಬ್ಬು ನೋಂದಣಿಯನ್ನು ಬಿಡಿಸುತ್ತೇವೆ, ಆಮೇಲೆ ಕಟಾವಿನ ಪಾಳಿ. ಕಾಟಾವನ್ನು ಮಾತ್ರ ರಿಮೋಟ್ ಮಾಡುವುದಿಲ್ಲ. ಅದು ಹೋಸ್ಟಿನ ಒಳಗೇ ಇರುತ್ತದೆ, ಬೇರೆ ಯಾವ ಸರ್ವರ್‌ನ ಉತ್ತರಕ್ಕೂ ಕಾಯದ ಹಾಗೆ.