ಮನೆ ಎದುರಿನ ಗದ್ದೆ ಹಾಗೇ ಇರುತ್ತದೆ ಅಂತ ನಂಬಿ ಸೈಟ್ ತಗೊಳ್ಬೇಡಿ

ಮಂಗಳೂರಿನ ಕಾವೂರು, ದೇರೇಬೈಲು, ಶಕ್ತಿನಗರ ಕಡೆ ಸೈಟ್ ನೋಡುತ್ತಿರುವವರು ಇದನ್ನು ಸ್ವಲ್ಪ ಓದಿ.

ನಾವು ಸೈಟ್ ತೆಗೆದುಕೊಂಡದ್ದೇ ಎದುರಿನ ಬೈಲು ನೋಡಿ. ಕಿಟಕಿ ತೆರೆದರೆ ಪಕ್ಕದ ಮನೆಯ ಅಡುಗೆಮನೆ ಕಾಣಬಾರದು, ಅಷ್ಟೇ ಆಸೆ. ಬಿಲ್ಡರ್ ಕೊಟ್ಟ ಬ್ರೋಷರ್‌ನಲ್ಲಿ ಆ ಜಾಗಕ್ಕೆ ಹಸಿರು ಬಳಿದು, ಎರಡು ಮರ, ಒಂದು ಜಾರುಬಂಡಿ ಬರೆದಿದ್ದರು. "ಅದು ಯಾವತ್ತೂ ಓಪನ್ ಜಾಗವೇ" ಅಂತ ಬಾಯಿಮಾತಲ್ಲಿ ಹೇಳಿದರು. ನಾವೂ ನಂಬಿದೆವು. ಬೇಸಾಯ ನಿಂತ ಗದ್ದೆ ಅದು. ಮಕ್ಕಳ ಕ್ರಿಕೆಟ್, ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಕೆಸರುಗದ್ದೆ ಓಟ, ಚಳಿಗಾಲದಲ್ಲಿ ಒಂದು ಬಯಲಾಟ ಎಲ್ಲ ಅಲ್ಲೇ ಆಗುತ್ತಿತ್ತು, ಹಾಗಾಗಿ ಅದು ಯಾರದ್ದು ಅಂತ ಕೇಳಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ.

ಒಂದು ದಿನ ಬೆಳಿಗ್ಗೆ ಟಿಪ್ಪರ್‌ಗಳು ಬಂದು ಕೆಂಪು ಮಣ್ಣು ಸುರಿಯಲು ಶುರು ಮಾಡಿದವು. ಕಚೇರಿಗೆ ಓಡಿದಾಗ ಗೊತ್ತಾದದ್ದು, ಮಂಜೂರಾದ ಲೇಔಟ್ ನಕ್ಷೆಯಲ್ಲಿ ಆ ಗದ್ದೆ ಇಲ್ಲವೇ ಇಲ್ಲ! ಬೇರೆಯೇ ಸರ್ವೆ ನಂಬರ್, ಬೇರೆಯವರ ಪಹಣಿ. ನಮ್ಮ ನಿಜವಾದ ಪಾರ್ಕ್ ಅಂದರೆ ಟ್ರಾನ್ಸ್‌ಫಾರ್ಮರ್ ಹಿಂದಿನ ಕಡಿದಾದ ಮುರಕಲ್ಲಿನ (ಕೆಂಪು ಕಲ್ಲಿನ) ದರೆ, ಅಲ್ಲಿ ಮೇಕೆ ಕೂಡ ನಿಲ್ಲುವುದಿಲ್ಲ.

ಹೆಚ್ಚು ಹೊಟ್ಟೆ ಉರಿದದ್ದು ಇನ್ನೊಂದು ವಿಷಯಕ್ಕೆ. ಮಾಸ್ಟರ್ ಪ್ಲಾನ್‌ನಲ್ಲಿ ಅದು ಕೃಷಿ ವಲಯ. ವಸತಿಗೆ ಬದಲಾಯಿಸಬೇಕಾದರೆ 1961ರ ನಗರ ಯೋಜನಾ ಕಾಯ್ದೆಯ 14ಎ ಸೆಕ್ಷನ್ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪ ಸಲ್ಲಿಸಲು ಕಡಿಮೆ ಅಂದ್ರೂ 15 ದಿನ ಬಿಡಬೇಕು. ಕೊಟ್ಟಿದ್ದರು. ನಮ್ಮ ಮನೆಗೆ ಬರುವ ಪೇಪರ್‌ನಲ್ಲೇ ಬಂದಿತ್ತು. ಊರಿನ ಹೆಸರು, ಸರ್ವೆ ನಂಬರ್, ಸೆಂಟ್ಸ್ ಲೆಕ್ಕ, ಅಷ್ಟೇ. ನಮ್ಮಲ್ಲಿ ಯಾರಿಗೆ ಗೊತ್ತಿತ್ತು ಸರ್ವೆ ನಂಬರ್? ಅದೇ ಪುಟದಲ್ಲಿದ್ದ ಶ್ರದ್ಧಾಂಜಲಿ ಎಲ್ಲರೂ ಓದಿದ್ದೆವು.

ಈಗ ಆ ಜಾಗದಲ್ಲಿ ಫ್ಲ್ಯಾಟ್ ಏಳುತ್ತಿದೆ. ಬೇಸರ ನೋಟ ಹೋಯಿತು ಅಂತ ಮಾತ್ರ ಅಲ್ಲ. 2018ರ ಮೇ 29ರ ಆ ಮಳೆಗೆ ಕೊಟ್ಟಾರ ಚೌಕಿ ಮುಳುಗಿದಾಗ ನಮ್ಮ ಅಂಗಳಕ್ಕೆ ನೀರು ಬಂದಿರಲಿಲ್ಲ, ಗದ್ದೆ ಅಷ್ಟನ್ನೂ ಹಿಡಿದುಕೊಂಡಿತ್ತು. ಮಣ್ಣು ತುಂಬಿಸಿದ ವರ್ಷ ಸಾಧಾರಣ ಮಳೆಗೇ ತೋಡಿನ (ಹಳ್ಳದ) ನೀರು ಮೆಟ್ಟಿಲವರೆಗೆ ಬಂತು, ಬಾವಿ ನೀರು ಚಹಾದ ಬಣ್ಣಕ್ಕೆ ತಿರುಗಿತು.

ವಕೀಲರ ಹತ್ತಿರವೂ ಹೋದೆವು. ಬೆಂಗಳೂರಿನಲ್ಲಿ ಪಾರ್ಕ್ ಜಾಗವನ್ನು ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1991ರಲ್ಲಿ ಗೆದ್ದಿದ್ದಾರೆ ಅಂದರು. ಆದರೆ ಅಲ್ಲಿ ನಕ್ಷೆಯಲ್ಲೇ ಪಾರ್ಕ್ ಅಂತ ಇತ್ತು. ನಮ್ಮ ಕೈಯಲ್ಲಿ ಇದ್ದದ್ದು ಬ್ರೋಷರ್.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಮಂಜೂರಾದ ನಕ್ಷೆ ಕೇಳಿ ಇಸ್ಕೊಳ್ಳಿ. ಪಾರ್ಕ್ ಅಂತ ತೋರಿಸಿದ ಜಾಗವನ್ನು ಸ್ಥಳೀಯ ಸಂಸ್ಥೆಗೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಟ್ಟಿದ್ದಾರಾ ಅಂತ ನೋಡಿ. ಬಿಲ್ಡರ್ ಈ ಕಾಗದಗಳನ್ನು ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸುತ್ತಲಿನ ಖಾಲಿ ಜಾಗದಲ್ಲಿ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ, ಎರಡು ನಿಮಿಷದ ಕೆಲಸ.

ನಮ್ಮ ಹಿಂದೆ ಇನ್ನೊಂದು ಗದ್ದೆ ಉಳಿದಿದೆ. ಅದರ ನಂಬರ್ ಫ್ರಿಜ್ ಮೇಲೆ ಅಂಟಿಸಿದ್ದೇವೆ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಅಮ್ಮ ಈಗ ಮೊದಲು ಪ್ರಕಟಣೆಯ ಪುಟ ನೋಡುತ್ತಾರೆ, ಆಮೇಲೆ ಶ್ರದ್ಧಾಂಜಲಿ.