ದುಡಿಯುವ ಲ್ಯಾಪ್‌ಟಾಪಿಗೆ ಬೀಟಾ ವಿಂಡೋಸ್ ಹಾಕಿಸಬೇಡಿ

ಟ್ಯಾಕ್ಸ್ ಕೆಲಸ ಮಾಡುವವರು, ಡಿಟಿಪಿ ಮಾಡುವವರು, ಸೈಬರ್ ಸೆಂಟರ್ ನಡೆಸುವವರು, ಒಂದೇ ಲ್ಯಾಪ್‌ಟಾಪ್ ನಂಬಿಕೊಂಡು ದುಡಿಯುವ ಯಾರೇ ಆಗಲಿ, ದಯವಿಟ್ಟು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ನಾನು ದಾವಣಗೆರೆಯಲ್ಲಿ ಜಿಎಸ್‌ಟಿ ರಿಟರ್ನ್ ಫೈಲ್ ಮಾಡಿಕೊಡುತ್ತೇನೆ. ಚಿಕ್ಕ ಆಫೀಸು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ವಾ, ಆವಾಗಿಂದ ಎಲ್ಲರೂ ಹೆದರಿಸುವವರೇ. ವೈರಸ್ ಬರುತ್ತೆ, ಡೇಟಾ ಹೋಗುತ್ತೆ ಅಂತ. ಟೋನರ್, ಕೇಬಲ್ಲು, ಎಲ್ಲಾ ತೆಗೆದುಕೊಳ್ಳುವ ಅಂಗಡಿಗೇ ಹೋದೆ. ವಿಂಡೋಸ್ 11 ಹಾಕಿಕೊಡಿ ಅಂದೆ. ಅಷ್ಟೇ ಕೇಳಿದ್ದು.

"ಹಾಕ್ತೀನಿ ಮೇಡಂ, ಅದರಲ್ಲೂ ಲೇಟೆಸ್ಟು. ಇನ್ನೂ ಯಾರಿಗೂ ಬಂದಿಲ್ಲ, ಪೆನ್‌ಡ್ರೈವಲ್ಲಿ ರೆಡಿ ಇದೆ" ಅಂದ. ನಾನು ಎರಡು ವಿಷಯ ಬಿಡಿಸಿ ಕೇಳಿದೆ. ನನ್ನ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್ ಥರದ್ದು) ಕೆಲಸ ಮಾಡುತ್ತಾ? ಬೇಡ ಅನ್ನಿಸಿದರೆ ವಾಪಸ್ ಹೋಗಬಹುದಾ? "ಎಲ್ಲಾ ಆಗುತ್ತೆ. ಗೋ ಬ್ಯಾಕ್ ಅಂತ ಬಟನ್ ಇದೆ, ಒತ್ತಿದ್ರೆ ಮುಗೀತು." ಆಕ್ಟಿವೇಶನ್‌ಗೆ ಬೇಕು ಅಂತ ನನ್ನ ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡನ್ನು ನನ್ನ ಕೈಯಲ್ಲೇ ಹಾಕಿಸಿದ. ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ವರ್ಶನ್, ಅನ್ನುವ ಮಾತು ಬಾಯಿಂದ ಬರಲಿಲ್ಲ. ಒಂದೇ ಒಂದು ಸಲವೂ ಬರಲಿಲ್ಲ.

ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಮೇಲೆ, ಸಣ್ಣ ಅಕ್ಷರದಲ್ಲಿ ಎರಡು ಮೂರು ಸಾಲು ಕಾಣುತ್ತಿತ್ತು. ಫೋನ್ ಮಾಡಿ ಕೇಳಿದೆ. "ಅದು ಸುಮ್ನೆ ಬರುತ್ತೆ, ತಾನೇ ಹೋಗುತ್ತೆ" ಅಂದ.

ಅದು ಹೋಗಲಿಲ್ಲ. 20ನೇ ತಾರೀಖು ಬಂತು.

3ಬಿ ರಿಟರ್ನಿಗೆ 20 ಅಂದರೆ ಏನು ಅಂತ ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ, ತಿಂಗಳ ಜಿಎಸ್‌ಟಿ ರಿಟರ್ನ್ ಹಾಕಲು ಅದೇ ಕೊನೆಯ ದಿನ. ನನ್ನ ಕ್ಲೈಂಟ್ ಒಬ್ಬರದ್ದು ಪ್ರೈವೇಟ್ ಲಿಮಿಟೆಡ್ ಕಂಪನಿ. ಕಂಪನಿ ಅಂದ ಮೇಲೆ ಒಟಿಪಿ ಹಾಕಿ ಕಳಿಸುವುದಕ್ಕೆ ಆಗಲ್ಲ, ಡಿಎಸ್‌ಸಿಯೇ ಆಗಬೇಕು. ಟೋಕನ್ ಸಿಕ್ಕಿಸಿದೆ. ಅದರ ಲೈಟು ಹತ್ತಿತು. ಲಿಸ್ಟಿನಲ್ಲಿ ಸರ್ಟಿಫಿಕೇಟೇ ಇಲ್ಲ. ತೆಗೆದು ಇನ್ನೊಂದು ಪೋರ್ಟಿಗೆ ಹಾಕಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಲೈಟು ಹತ್ತುತ್ತೆ, ಸರ್ಟಿಫಿಕೇಟ್ ಬರಲ್ಲ. ಕ್ಲೈಂಟ್ ಆಚೆ ಕಡೆಯಿಂದ "ಆಯ್ತಾ ಮೇಡಂ, ಆಯ್ತಾ" ಅಂತ ಫೋನ್ ಮೇಲೆ ಫೋನ್.

ಕೊನೆಗೆ ಟೋಕನ್ ಕೊಟ್ಟವರ ಸಹಾಯವಾಣಿಗೆ ಮಾಡಿದೆ. ಆ ಹುಡುಗಿ ಮೊದಲು ಕೇಳಿದ್ದೇ ಇದು: "ಬಲಗಡೆ ಕೆಳಗೆ ಏನಾದರೂ ಬರೆದಿದೆಯಾ ಮೇಡಂ, ಓದಿ." ಓದಿದೆ. ಇವ್ಯಾಲ್ಯುಯೇಶನ್ ಕಾಪಿ, ಆಮೇಲೆ ಬಿಲ್ಡ್ ನಂಬರ್. ಆ ಕಡೆ ಒಂದು ಕ್ಷಣ ಮಾತೇ ಇಲ್ಲ. "ಇದು ಟೆಸ್ಟಿಂಗ್ ವಿಂಡೋಸ್ ಮೇಡಂ. ಇದಕ್ಕೆ ನಮ್ಮ ಡ್ರೈವರ್ ಇಲ್ಲ. ಆಫೀಸ್ ಕೆಲಸಕ್ಕೆ ಯಾಕೆ ಹಾಕಿಸಿಕೊಂಡ್ರಿ?" ನಾನು ಏನಂತ ಹೇಳಲಿ? ಕಿವಿ ಬಿಸಿಯಾಯಿತು. ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್ ಇನ್ಸೈಡರ್ ಪ್ರೋಗ್ರಾಂ, ಅಂದರೆ ಹೊಸ ವಿಂಡೋಸ್ ಟೆಸ್ಟ್ ಮಾಡುವವರು ಸೇರುವ ಜಾಗ, ತೆಗೆದು ನೋಡಿದರೆ ನನ್ನದೇ ಅಕೌಂಟಿನಲ್ಲಿ ಡೆವ್ ಚಾನೆಲ್‌ಗೆ ಸೇರಿಸಿಟ್ಟಿದ್ದಾನೆ. ಪಾಸ್‌ವರ್ಡ್ ಹಾಕಿಸಿಕೊಂಡದ್ದು ಇದಕ್ಕೆ! ಆಕ್ಟಿವೇಶನ್ ಅಂತ ಹೇಳಿ!

ಇನ್ನು ಅಂಗಡಿಯವನ ಉತ್ತರಗಳು. ಕೇಳಿ.

"ಬೀಟಾ ಅಂದ್ರೆ ಕೆಟ್ಟದ್ದಲ್ಲ ಮೇಡಂ, ಅಡ್ವಾನ್ಸ್." "ಕಂಪನಿಯವರೇ ಬಿಟ್ಟಿರೋದು, ನಾನೇನು ಮನೇಲಿ ಮಾಡಿದ್ನಾ?" "ಬೇರೆ ಯಾರಿಗೂ ಈ ತೊಂದರೆ ಬಂದಿಲ್ಲ." ಗೋ ಬ್ಯಾಕ್ ಬಟನ್ ಎಲ್ಲಪ್ಪಾ ಅಂದರೆ, "ಅದು ಹತ್ತು ದಿನ ಮಾತ್ರ." ಆ ಹತ್ತು ದಿನದ ವಿಷಯ ಮೊದಲೇ ಯಾಕೆ ಹೇಳಲಿಲ್ಲ? "ನೀವು ಕೇಳಲಿಲ್ಲ." ಕೇಳಿದ್ದೆ! ವಾಪಸ್ ಹೋಗಬಹುದಾ ಅಂತ ಬಾಯಿ ಬಿಟ್ಟು ಕೇಳಿದ್ದೆ!

ಅದೂ ಸುಳ್ಳೇ. ಹತ್ತು ದಿನದ ಲೆಕ್ಕ ಇರುವುದು ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ. ಆಗ ಹಳೆಯದನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ, ಆಮೇಲೆ ಅಳಿಸುತ್ತದೆ. ಇವನು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದ್ದ. ನನಗೆ ಆ ಬಟನ್ ಮೊದಲ ದಿನವೂ ಇರಲಿಲ್ಲ. ಇಲ್ಲದ ಬಟನ್ ತೋರಿಸಿ ಒಪ್ಪಿಸಿದ.

ಇನ್ಸೈಡರ್‌ನಲ್ಲಿ ಆಗ ಕೆನರಿ, ಡೆವ್, ಬೀಟಾ, ರಿಲೀಸ್ ಪ್ರಿವ್ಯೂ ಅಂತ ಹಂತಗಳಿದ್ದವು. ರಿಲೀಸ್ ಪ್ರಿವ್ಯೂ ಅಂದರೆ ಹೆಚ್ಚುಕಡಿಮೆ ಎಲ್ಲರಿಗೂ ಬರುವ ಮುಂಚಿನದ್ದು. ಡೆವ್ ಹಾಗಲ್ಲ. ಅದರಿಂದ ಹೊರಗೆ ಬರಬೇಕಾದರೆ ಸಾಮಾನ್ಯವಾಗಿ ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು. ಟೆಸ್ಟ್ ಮಾಡುವ ಆಸಕ್ತಿ ಇರುವವರಿಗೆ ಅಂತಲೇ ಅದನ್ನು ಬಿಡುತ್ತಾರೆ. ಅದರಲ್ಲಿ ಆಫೀಸ್ ನಡೆಸುವುದು ಕ್ಯೂರಿಂಗ್ ಆಗದ ಮೋಲ್ಡಿಂಗ್ ಕೆಳಗೆ ಸಂಸಾರ ಹೂಡಿದ ಹಾಗೆ. ಅದನ್ನು ಬಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಪರೀಕ್ಷೆಗೆ ಅಂತ ಹೇಳಿಯೇ ಬಿಟ್ಟಿದ್ದಾರೆ. ಮುಚ್ಚಿಟ್ಟು ನನ್ನ ಮೆಷಿನ್‌ಗೆ ತುಂಬಿದವನ ಮೇಲೆ ಸಿಟ್ಟು.

ಮತ್ತೆ ಅವಸರವಾದರೂ ಏನಿತ್ತು? ವಿಂಡೋಸ್ 10 ಇದ್ದವರು ಇಎಸ್‌ಯು ಅಂತ ಮೈಕ್ರೋಸಾಫ್ಟಿನದೇ ಒಂದು ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಇದನ್ನೂ ಅವನು ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಕೆಲಸ ಸಿಗುತ್ತಿರಲಿಲ್ಲ ನೋಡಿ.

ಆ ರಿಟರ್ನ್ ಮರುದಿನ ಪರಿಚಯದವರ ಆಫೀಸಿನಲ್ಲಿ ಕೂತು ಹಾಕಿದೆ. ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದನ್ನು ನಾನೇ ಕಟ್ಟಿದೆ. ದುಡ್ಡು ದೊಡ್ಡದಲ್ಲ. ಆ ಕ್ಲೈಂಟ್ "ನಿಮ್ಮ ಹತ್ರ ಹೀಗಾಗುತ್ತೆ ಅಂದ್ಕೊಂಡಿರಲಿಲ್ಲ" ಅಂದರಲ್ಲ, ಅದಕ್ಕೆ ಯಾರು ಲೆಕ್ಕ ಕೊಡುತ್ತಾರೆ? ಸರಿ ಮಾಡಿಕೊಡು ಅಂತ ಲ್ಯಾಪ್‌ಟಾಪ್ ಒಯ್ದರೆ ಮತ್ತೆ ಫಾರ್ಮ್ಯಾಟ್ ಚಾರ್ಜ್ ಕೇಳಿದ. ಮತ್ತೆ! ಕೊಡಲಿಲ್ಲ. ಬೇರೆ ಕಡೆ ಮಾಡಿಸಿದೆ. ಲೆಡ್ಜರ್‌ಗಳ ಕಾಪಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇದ್ದದ್ದಕ್ಕೆ ಬಚಾವ್.

"ಬಗ್ ಇದ್ದರೆ ಸರಿ ಮಾಡ್ತಾರೆ ಬಿಡಿ" ಅನ್ನುವವರಿಗೆ ಒಂದು ಮಾತು. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10 ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಫೋಟೋಗಳನ್ನೇ ಅಳಿಸಿಹಾಕಿತು, ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಬೇಕಾಯಿತು. ಫೈಲ್ ಹೋಗುತ್ತಿದೆ ಅಂತ ಇನ್ಸೈಡರ್‌ಗಳಲ್ಲಿ ಕೆಲವರು ಅದಕ್ಕೂ ಮೊದಲೇ ಬರೆದಿದ್ದರು. ಅಂದರೆ ಫೈಲ್ ಮೊದಲು ಹೋಗುವುದು ಟೆಸ್ಟ್ ಮಾಡುವವರದ್ದು. ನಮ್ಮ ಕ್ಲೈಂಟ್‌ಗಳ ಲೆಕ್ಕ ಇಟ್ಟುಕೊಂಡು ನಾವು ಆ ಸಾಲಿನಲ್ಲಿ ನಿಲ್ಲಬೇಕಾ?

ಫೋನಿನಲ್ಲೂ ಇದೇ ಕಥೆ. ಐಫೋನ್ ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯ ವರ್ಶನ್‌ಗೆ ಕೂರುವುದಿಲ್ಲ. ಪಿಕ್ಸೆಲ್‌ನಲ್ಲಿ ಆಂಡ್ರಾಯ್ಡ್ ಬೀಟಾದಿಂದ ಮಧ್ಯದಲ್ಲಿ ಹೊರಬಂದರೆ ಫೋನ್ ಪೂರ್ತಿ ಖಾಲಿ. ಬ್ಯಾಂಕ್ ಆ್ಯಪ್, ಯುಪಿಐ ಇರುವ ಫೋನಿಗೆ ಯಾರಾದರೂ ಹಾಕಿಕೊಡುತ್ತೇನೆ ಅಂದರೆ ಕೊಡಬೇಡಿ. ನೋಡುವ ಆಸೆ ಇದ್ದರೆ ಮೂಲೆಯಲ್ಲಿ ಬಿದ್ದಿರುವ ಹಳೇ ಮೆಷಿನ್‌ಗೆ ಹಾಕಿ.

ಅಂಗಡಿಯಲ್ಲಿ ವಿಂಡೋಸ್ ಹಾಕಿಸಿದವರು ಇವತ್ತೇ ನೋಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ವಿನ್‌ವರ್ (winver) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಬರುವ ಪುಟ್ಟ ಕಿಟಕಿಯಲ್ಲಿ ಎಕ್ಸ್‌ಪೈರ್ಸ್ ಅಂತ ಒಂದು ತಾರೀಖು ಇದ್ದರೆ ನಿಮಗೂ ಅದೇ ಹಾಕಿದ್ದಾರೆ. ಆ ತಾರೀಖು ದಾಟಿದರೆ ಮೆಷಿನ್ ತಾನಾಗಿ ರೀಸ್ಟಾರ್ಟ್ ಆಗಲು ಶುರುವಾಗಿ, ಕೊನೆಗೆ ಬೂಟ್ ಆಗದೆಯೂ ಹೋಗಬಹುದು. ಮೊದಲು ಡೇಟಾ ಹೊರಗೆ ಕಾಪಿ ಮಾಡಿ, ಆಮೇಲೆ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿ. ನನ್ನ ಅಂಗಡಿಯವನ ಹತ್ತಿರ ಆ ಪೆನ್‌ಡ್ರೈವ್ ಇನ್ನೂ ಇದೆ.